ಕೋಣೆಯ ನಕ್ಷೆಯಲ್ಲಿ ಅವ್ವನ ಚಾಪೆ ಎಲ್ಲಿ?

ನಮ್ಮ ಕಡೆ ಯಾರಾದರೂ ತುಸು ವಿಚಿತ್ರವಾಗಿ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕ ನೋಡ್ರಿ" ಅಂತಾರೆ. ಕಾಲೇಜಿಗೆ, ಕೋರ್ಟಿಗೆ, ಪೇಢೆ ತರೋದಕ್ಕೆ ಅಂತ ಧಾರವಾಡದ ಬಸ್ಸು ಹತ್ತುವ ಬಮ್ಮಿಗಟ್ಟಿಯ ಮಂದಿಗೂ ಈ ಮಾತಿನೊಳಗಿನ ಧಾರವಾಡ ಯಾವುದು ಅಂತ ಗೊತ್ತು. ಅದು ಬೆಳಗಾವಿ ರಸ್ತೆಯ ಆಸ್ಪತ್ರೆ. 1845ರಲ್ಲಿ ಬ್ರಿಟಿಷರ ಕಾಲದಲ್ಲಿ 'ಹುಚ್ಚರ ಆಶ್ರಯ' ಅಂತ ಶುರುವಾದದ್ದು. ಈಗ ಅದರ ಹೆಸರು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಡಿಮ್ಹಾನ್ಸ್. ಬೋರ್ಡು ಬದಲಾಯಿತು, ಕಾನೂನು ಬದಲಾಯಿತು, ಅಲ್ಲಿ ಡಾಕ್ಟರಾಗಲು ಓದುವವರೂ ಬಂದರು. ನಮ್ಮೂರ ಕಟ್ಟೆಯ ಮೇಲಿನ ಚ್ಯಾಷ್ಟಿ ಮಾತ್ರ ಹಾಗೇ ಉಳಿದಿದೆ.

ಆ ಚ್ಯಾಷ್ಟಿಯ ಒಳಗೆ ಹೆದರಿಕೆ ಇದೆ. ಹೆದರಿಕೆ ಡಾಕ್ಟರದ್ದಲ್ಲ, ಗುಳಿಗೆಯದ್ದೂ ಅಷ್ಟಿಲ್ಲ. ಕೋಣೆಯದ್ದು. "ಒಳಗ ಹಾಕತಾರ" ಅನ್ನುವ ಎರಡು ಶಬ್ದದ್ದು. ಜ್ವರ ಬಂದವನನ್ನು ಆಸ್ಪತ್ರೆಗೆ 'ತೋರಿಸತೀವಿ', ಹೆರಿಗೆಗೆ 'ಕರಕೊಂಡು ಹೋಗತೀವಿ', ಮನಸ್ಸಿನ ಬ್ಯಾನಿ ಬಂದವನನ್ನು ಮಾತ್ರ 'ಒಳಗ ಹಾಕತೀವಿ'. ಜೇಲಿಗೆ ಬಳಸುವ ಮಾತೇ ಇದಕ್ಕೂ.

ಈ ಕೋಣೆಯ ವಿಚಾರ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ನಮ್ಮೂರಿನ ಒಬ್ಬ ಹುಡುಗಿ. ಹುಬ್ಬಳ್ಳಿಯಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಾಳೆ. ಅದು ಏನು ಓದು ಅಂತ ಊರಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ. ಅವರಪ್ಪ "ಮನಿ ಒಳಗ ಪಿಒಪಿ ಮಾಡಸೂದು" ಅಂತ ಹೇಳಿ ಮುಗಿಸುತ್ತಾರೆ. ಅವಳ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇಟ್ಟರು. ವಿಷಯ: ಮೂವತ್ತು ಹಾಸಿಗೆಯ ಮಾನಸಿಕ ಆರೋಗ್ಯ ಕೇಂದ್ರದ ಒಳವಿನ್ಯಾಸ. ಹೊರಗಿನ ಗೋಡೆ ಅವರೇ ಕೊಟ್ಟಿರುತ್ತಾರೆ. ಮಲಗುವ ಕೋಣೆ, ಊಟದ ಜಾಗ, ಎಲ್ಲರೂ ಕೂಡುವ ಹಾಲ್, ನರ್ಸುಗಳ ಕೌಂಟರು, ಶೌಚಾಲಯ, ಇವೆಲ್ಲ ಒಳಗೆ ಹೇಗಿರಬೇಕು ಅಂತ ನಾಲ್ಕು ಶೀಟಿನಲ್ಲಿ ಬರೆದು ತೋರಿಸಬೇಕು. ಇಂಥ ಸ್ಪರ್ಧೆ ಡಿಸೈನ್ ಓದುವವರಿಗೆ ಹೊಸದೇನಲ್ಲ. ನಮ್ಮ ದೇಶದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಸಂಘಟನೆ ನಾಸಾ ಇಂಡಿಯಾ ಹಲವು ಟ್ರೋಫಿಗಳ ಸ್ಪರ್ಧೆ ನಡೆಸುತ್ತದೆ, ಅದರಲ್ಲಿ ಲಾರಿ ಬೇಕರ್ ಹೆಸರಿನದೂ ಒಂದು.

ಜಿಲ್ಲಾ ಸುದ್ದಿ ಬರೆಯುವ ನಮಗೆ ಆಸ್ಪತ್ರೆಗಳ ಗುರುತು ಇರುತ್ತದೆ ಅಂತ ಅವಳು ಫೋನ್ ಮಾಡಿದ್ದು. "ಅಣ್ಣಾರ, ಪೇಶಂಟ್ ಕಡೆಯವ್ರು ಯಾರರ ಮಾತಾಡ್ತಾರೇನ್ರಿ? ನಾ ನೆಟ್‌ನ್ಯಾಗ ನೋಡಿ ಮಾಡೇನಿ, ಸರ್ ಒಪ್ಪವಲ್ರು" ಅಂದಳು. ಭಾನುವಾರ ಊರಿಗೆ ಬಂದಾಗ ಶೀಟು ತಂದಿದ್ದಳು. ನೋಡಿದೆವು. ಕೆಲಸ ಚೊಕ್ಕ ಇತ್ತು. ತಿಳಿಹಸಿರು ಗೋಡೆ, ಮರದ ಬಣ್ಣದ ಬಾಗಿಲು, ದುಂಡನೆಯ ಸೋಫಾ, ಒಂದೊಂದು ಕೋಣೆಗೆ ಒಂದೊಂದು ಮಂಚ. ಮಂಚದ ಪಕ್ಕ ಒಬ್ಬ ಮನುಷ್ಯನ ಚಿತ್ರ. ಕಂಪ್ಯೂಟರಿನಿಂದ ತೆಗೆದು ಅಂಟಿಸಿದ್ದು, ಯಾವುದೋ ತಂಪು ದೇಶದವನು, ಕೈಯಲ್ಲಿ ಪುಸ್ತಕ. ಅವನ ಜೊತೆ ಯಾರೂ ಇರಲಿಲ್ಲ.

"ಇವರವ್ವ ಎಲ್ಲಿ ಮಲಗತಾಳ?" ಅಂತ ಕೇಳಿದೆವು.

ಹುಡುಗಿ ಶೀಟನ್ನೇ ನೋಡಿದಳು. ಅವಳಿಗೆ ಕೊಟ್ಟ ಕಾಗದದಲ್ಲಿ ಪೇಶಂಟು, ನರ್ಸು, ಡಾಕ್ಟರು, ಭೇಟಿಗೆ ಬರುವವರು ಅಂತ ನಾಲ್ಕು ಥರದ ಮಂದಿಯ ಪಟ್ಟಿ ಇತ್ತು. ಭೇಟಿಗೆ ಬರುವವರು ಸಂಜೆ ನಾಲ್ಕಕ್ಕೆ ಬಂದು ಆರಕ್ಕೆ ಹೋಗುವವರು. ನಮ್ಮ ಕಡೆಯಿಂದ ಹಾಗೆ ಯಾರು ಹೋಗುತ್ತಾರೆ? ಕಲಘಟಗಿ ತಾಲೂಕಿನಿಂದ ಪೇಶಂಟನ್ನು ಕರೆದುಕೊಂಡು ಹೋದವರು ಬುತ್ತಿ ಗಂಟು, ಚಾಪೆ, ಕೌದಿ, ತಂಬಿಗೆ ಎಲ್ಲ ಕಟ್ಟಿಕೊಂಡೇ ಹೋಗುತ್ತಾರೆ. ಹೋದವರು ಅಲ್ಲೇ ಇರುತ್ತಾರೆ. ಬಿತ್ತನೆ ಇರಲಿ, ಸುಗ್ಗಿ ಇರಲಿ, ಮನೆಯ ಒಂದು ಜೀವ ಆಸ್ಪತ್ರೆಯಲ್ಲಿ ಪೇಶಂಟಿನ ಜೊತೆ ನೆಲದ ಮೇಲೆ ಮಲಗಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಆ ಜೀವ.

ಅವಳನ್ನು ಓಣಿಯ ಆ ತುದಿಯ ಮನೆಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ತಾಯಿ, ಮಗ ಇಬ್ಬರೇ ಇರುವ ಮನೆ. ಮಗನಿಗೆ ಈಗ ಮೂವತ್ತರ ಹತ್ತಿರ. ಐಟಿಐ ಮಾಡಿ ಬಂದವನು. ಆರು ವರ್ಷದ ಹಿಂದೆ ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಆಗುತ್ತದೆ ಅಂತ ಶುರುವಾಯಿತು. ಊರಲ್ಲಿ ಮೊದಲು ಮಾಡಬೇಕಾದ್ದೆಲ್ಲ ಮಾಡಿದರು: ದೇವರು ಕೇಳಿಸಿದರು, ತಾಯಿತ ಕಟ್ಟಿಸಿದರು. ಅದನ್ನು ತಪ್ಪು ಅನ್ನುವ ಮಾತು ನಾವು ಆಡುವುದಿಲ್ಲ. ಹತ್ತಿರದಲ್ಲಿ ಬಾಗಿಲು ತೆರೆದಿರುವುದು ಗುಡಿಯದ್ದೇ. ಆಮೇಲೆ ಯಾರದೋ ಮಾತು ಕೇಳಿ, ಸಾಲ ಮಾಡಿ, ದೂರದ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಹದಿನೇಳು ದಿನ. ಔಷಧ ಹಿಡಿಯಿತು, ಧ್ವನಿಗಳು ಕಡಿಮೆಯಾದವು. ಆದರೆ ಆ ಹದಿನೇಳು ದಿನದ ಕೋಣೆ ಅವನ ತಲೆಯಿಂದ ಹೋಗಲಿಲ್ಲ.

ಈಗ ಮತ್ತೆ ಧ್ವನಿ ಶುರುವಾಗಿವೆ. ಗುಳಿಗೆ ಮುಗಿದು ಎರಡು ತಿಂಗಳಾಯಿತು. ತಾಯಿ ಧಾರವಾಡಕ್ಕೆ ಹೋಗೋಣ ಅಂದರೆ ಮಗ ಒಲ್ಲೆ ಅನ್ನುತ್ತಾನೆ. "ಗುಳಗಿ ತಗೋಳಾಕ ನಾ ತಯಾರ ಅದೇನಿ. ಒಳಗ ಮಾತ್ರ ಹಾಕಬ್ಯಾಡ್ರಿ" ಅನ್ನುವುದು ಅವನ ಮಾತು.

ಒಳ್ಳೆಯ ದಿನ ನೋಡಿ ಹೋಗಿದ್ದೆವು. ಅವನೇ ಚಹಾ ಮಾಡಿ ಕೊಟ್ಟ. ಹುಡುಗಿ ತನ್ನ ಶೀಟನ್ನು ನೆಲದ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಇಟ್ಟಳು. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಐಟಿಐ ಓದಿದವನಿಗೆ ನಕ್ಷೆ ಓದೋದಕ್ಕೆ ಬರುತ್ತದೆ.

"ಅಣ್ಣಾರ, ನಿಮಗ ಯಾವ ಬಣ್ಣ ಇದ್ರ ಸಮಾಧಾನ ಅನಸತೈತ್ರಿ?" ಅಂತ ಅವಳು ಕೇಳಿದಳು. ಪುಸ್ತಕದಲ್ಲಿ ಬರೆದುಕೊಂಡು ಬಂದ ಮೊದಲ ಪ್ರಶ್ನೆ ಅದು.

ಅವನು ನಕ್ಕ. "ಬಣ್ಣ ಯಾರ ನೋಡ್ತಾರ ಯವ್ವಾ. ಲೈಟಿನ ಬಟನ್ ಎಲ್ಲೈತಿ ತೋರಸು."

ಬಟನ್ ಕೋಣೆಯ ಹೊರಗಿತ್ತು. ಸುರಕ್ಷತೆ ಅಂತ ಅವಳು ಹೊರಗೆ ಇಟ್ಟಿದ್ದಳು. ಅವನು ಹೇಳಿದ: ಆ ಆಸ್ಪತ್ರೆಯಲ್ಲಿ ಹದಿನೇಳು ರಾತ್ರಿಯೂ ಟ್ಯೂಬ್‌ಲೈಟು ಆರಿಸಲಿಲ್ಲ. ಹೊತ್ತು ಎಷ್ಟಾಗಿದೆ ಅಂತ ತಿಳಿಯುತ್ತಿರಲಿಲ್ಲ. ಕಿಟಕಿಗೆ ಪತ್ರಾಸ್ ಹೊಡೆದಿದ್ದರು. ಹಗಲೋ ರಾತ್ರಿಯೋ ಅಂತ ಕೇಳಿದರೆ "ಮಲಕೋ ಸುಮ್ನ" ಅನ್ನುತ್ತಿದ್ದರು. "ಕಿವ್ಯಾಗಿನ ಧ್ವನಿ ಖರೇನೋ ಸುಳ್ಳೋ ಅಂತ ತಿಳೀಲಾರದಕ್ಕ ಅಲ್ಲಿಗೆ ಹೋಗಿದ್ದೆ. ಅಲ್ಲಿ ಹಗಲು ಖರೇನೋ ಸುಳ್ಳೋ ಅದೂ ತಿಳೀದಂಗ ಆತು."

ಹುಡುಗಿ ಬಣ್ಣದ ಪ್ರಶ್ನೆಗಳಿದ್ದ ಪುಟ ತಿರುವಿ ಹಾಕಿದಳು.

ತಾಯಿಯನ್ನು ಆ ಆಸ್ಪತ್ರೆಯವರು ಒಳಗೆ ಬಿಟ್ಟಿರಲಿಲ್ಲ. ಮೊದಲ ರಾತ್ರಿ ಗೇಟಿನ ಹೊರಗೆ, ಆಮೇಲಿನ ರಾತ್ರಿಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಕಳೆದಳು. ಹಗಲು ಎರಡು ಸಲ ಜಾಳಿಗೆಯ ಹಿಂದಿನಿಂದ ಮಗನನ್ನು ನೋಡಲು ಬಿಡುತ್ತಿದ್ದರು. "ಅಂವಗ ನಾ ಹೊರಗ ಅದೇನಿ ಅಂತ ಗೊತ್ತಿರಲಿಲ್ಲ ತಮ್ಮಾ. ಬಿಟ್ಟ ಹ್ವಾದ್ಲು ಅಂತ ತಿಳಕೊಂಡಿದ್ದ" ಅಂದಳು. ಮಗ ಅದಕ್ಕೆ ಏನೂ ಅನ್ನಲಿಲ್ಲ. ಚಹಾದ ಬಟ್ಟಲು ತೆಗೆದುಕೊಂಡು ಒಳಗೆ ಹೋದ, ಶೀಟಿನ ಒಂದು ಮೂಲೆ ಸುರುಳಿ ಸುತ್ತಿಕೊಂಡಿತು.

ಇಲ್ಲಿ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು. ಇಂಥ ಆಸ್ಪತ್ರೆಗಳು ಜೇಲಿನ ಹಾಗೆ ಕಾಣುವುದು ನಮ್ಮ ಕಣ್ಣಿನ ತಪ್ಪಲ್ಲ. ಅವನ್ನು ಕಟ್ಟಿದ್ದೇ ಹಾಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಬೆಂಗಳೂರಿನ ನಿಮ್ಹಾನ್ಸ್ ಜೊತೆ ಸೇರಿ ದೇಶದ 37 ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ನೋಡಿ 1999ರಲ್ಲಿ ವರದಿ ಕೊಟ್ಟಿತು. ಶೇಕಡಾ 38ರಷ್ಟು ಆಸ್ಪತ್ರೆಗಳು ಕಟ್ಟಿದಾಗಿನ ಜೇಲಿನಂಥ ರೂಪವನ್ನೇ ಉಳಿಸಿಕೊಂಡಿವೆ ಅಂತ ಅದರಲ್ಲಿದೆ. ಅಲ್ಲಿರುವವರನ್ನು ಕೈದಿಗಳಿಗೆ ಅನ್ನುವ ಹಾಗೆ 'ಇನ್‌ಮೇಟ್' ಅನ್ನುತ್ತಾರೆ, ನೋಡಿಕೊಳ್ಳುವವರನ್ನು 'ವಾರ್ಡರ್' ಅನ್ನುತ್ತಾರೆ ಅಂತಲೂ ಬರೆದಿದ್ದಾರೆ. ಇಪ್ಪತ್ತೈದು ವರ್ಷದ ಹಿಂದಿನ ಮಾತು ಅದು. ಆಮೇಲೆ ಎಷ್ಟೋ ಕಡೆ ಸುಧಾರಣೆ ಆಗಿದೆ. ಆದರೆ ಹೆದರಿಕೆ ಅಜ್ಜನಿಂದ ಮೊಮ್ಮಗನಿಗೆ ಬರುತ್ತದೆ, ವರದಿ ಓದಿ ಹೋಗುವುದಿಲ್ಲ.

ಆಸ್ಪತ್ರೆಗೆ ಹೆದರಿ ಬೇರೆ ಕಡೆ ಹೋದವರ ಗತಿಯನ್ನೂ ದೇಶ ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ನಡೆಸುತ್ತಿದ್ದ ಒಂದು ಆಶ್ರಯದ ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಿದ್ದರು. 28 ಜನ ಸತ್ತರು. ಓಡಿ ಹೋಗಬಾರದು ಅಂತ ಕಟ್ಟಿದ್ದು, ಓಡಿ ಹೋಗಬೇಕಾದಾಗಲೂ ಬಿಚ್ಚಲಿಲ್ಲ.

ಈಗಿನ ಕಾನೂನು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ. 2018ರಿಂದ ಜಾರಿಯಲ್ಲಿದೆ. ಇದನ್ನು ಓದಿದಾಗ ನಮಗೆ ಒಂದು ಆಶ್ಚರ್ಯವಾಯಿತು. ಕೋಣೆ ಹೇಗಿರಬೇಕು, ಒಳಗಿನ ಬದುಕು ಹೇಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಇಪ್ಪತ್ತನೆಯ ಕಲಮಿನಲ್ಲಿ ಇದೆ: ಸುರಕ್ಷಿತ, ಸ್ವಚ್ಛ ಜಾಗ ಬೇಕು, ಮರೆ ಇರಬೇಕು, ಬೇಸರ ಕಳೆಯಲು, ಓದಲು ಅನುಕೂಲ ಇರಬೇಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ತಮ್ಮದೇ ಬಟ್ಟೆ ಹಾಕಿಕೊಳ್ಳುತ್ತೇನೆ ಅಂದರೆ ಯೂನಿಫಾರ್ಮ್ ಹೇರುವಂತಿಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಬೇಕಾದ ಸಾಮಾನು ಕೊಡಬೇಕು. 95ನೆಯ ಕಲಮು ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸುತ್ತದೆ. 97ನೆಯದು ಒಂಟಿ ಕೋಣೆಯಲ್ಲಿ ಕೂಡಿಹಾಕಬಾರದು ಅನ್ನುತ್ತದೆ. ಕೈಕಾಲು ಹಿಡಿದು ನಿಲ್ಲಿಸುವುದಾದರೂ ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿ ಇಲ್ಲದಾಗ ಮಾತ್ರ, ಅದೂ ಡಾಕ್ಟರ ಒಪ್ಪಿಗೆಯಿಂದ. ಭೇಟಿಗೆ ಬಂದವರನ್ನು ನೋಡುವುದು, ಫೋನಿನಲ್ಲಿ ಮಾತಾಡುವುದು ಪೇಶಂಟಿನ ಹಕ್ಕು. ಓದುಗರು ಇದನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಲಿ. ಎಲ್ಲಿಯಾದರೂ "ನಮ್ಮಲ್ಲಿ ಹಿಂಗ ರೂಲ್ಸ್ ಐತಿ" ಅಂದರೆ ತೋರಿಸೋದಕ್ಕೆ ಆಗುತ್ತದೆ.

ಹುಡುಗಿಗೂ ಇದನ್ನು ಕಳಿಸಿದೆವು. ಅವಳು ಪ್ರತಿ ಕಲಮಿನ ಎದುರು 'ಇದು ನಕ್ಷೆಯಲ್ಲಿ ಎಲ್ಲಿ?' ಅಂತ ಬರೆದುಕೊಂಡಳಂತೆ. ತಮ್ಮದೇ ಬಟ್ಟೆ ಅಂದ ಮೇಲೆ ಅದನ್ನು ಇಡಲು ಒಂದು ಗೂಡು ಬೇಕು. ಮರೆ ಅಂದ ಮೇಲೆ ಆರು ಮಂಚದ ವಾರ್ಡಿನಲ್ಲಿ ನಡುವೆ ಅರ್ಧ ಗೋಡೆಯಾದರೂ ಬೇಕು. ಮುಟ್ಟಿನ ಅನುಕೂಲ ಅಂದ ಮೇಲೆ ಶೌಚಾಲಯದಲ್ಲಿ ಮುಚ್ಚಳ ಇರುವ ಡಬ್ಬಿ ಬೇಕು, ನೀರು ಬೇಕು. ಕಾಯ್ದೆಯ ಪುಟವನ್ನು ಹೀಗೆ ಫೂಟು ಇಂಚಿಗೆ ಇಳಿಸಿದ್ದು ನಮಗೆ ಬಹಳ ಮೆಚ್ಚಿಗೆಯಾಯಿತು.

ಸುರಕ್ಷತೆಯ ಮಾತು ಸಣ್ಣದಲ್ಲ, ಅದನ್ನು ಹಗುರ ಮಾಡಬಾರದು. ಮನಸ್ಸು ಬಹಳ ಕೆಟ್ಟ ಹೊತ್ತಿನಲ್ಲಿ ಮನುಷ್ಯ ತನಗೆ ತಾನೇ ಅಪಾಯ ಮಾಡಿಕೊಳ್ಳಬಹುದು. ಅದಕ್ಕೆ ಆಸರೆ ಕೊಡದ ಹಾಗೆ ಬಾಗಿಲ ಹಿಡಿಕೆ, ನಳ, ಬಟ್ಟೆಯ ಗೂಟ ಎಲ್ಲವನ್ನೂ ವಿಶೇಷವಾಗಿ ಮಾಡುತ್ತಾರೆ. ಬಾಗಿಲು ಎರಡೂ ಕಡೆ ತೆರೆಯುತ್ತದೆ, ಒಳಗಿನಿಂದ ಅಡ್ಡ ಇಟ್ಟರೂ ಹೊರಗಿನವರು ತೆಗೆಯಬಹುದು. ಶೌಚಾಲಯದ ಚಿಲಕವನ್ನು ಅವಸರಕ್ಕೆ ಹೊರಗಿನಿಂದ ಬಿಚ್ಚಲು ಬರುತ್ತದೆ. ಗಾಜು ಒಡೆದು ಚೂರಾಗದಂಥದ್ದು. ಕುರ್ಚಿ ಎತ್ತಿ ಬೀಸಲಾರದಷ್ಟು ಭಾರ. ಹುಡುಗಿಗೆ ಇದೆಲ್ಲ ಪಾಠದಲ್ಲೇ ಬಂದಿದೆ. ನಮಗೆ ಇದರಲ್ಲಿ ಹಿಡಿಸಿದ್ದು, ಒಳ್ಳೆಯ ಸುರಕ್ಷತೆ ಕಣ್ಣಿಗೆ ಬೀಳುವುದಿಲ್ಲ ಅನ್ನುವುದು. ಸರಳು, ಪತ್ರಾಸು, ಬೀಗ, ಇವು ಅಗ್ಗದ ಸುರಕ್ಷತೆ. ಬಾಗಿಲ ಹಿಡಿಕೆಯನ್ನು ತಲೆ ಓಡಿಸಿ ಮಾಡಿದರೆ ಅದು ಬರೀ ಹಿಡಿಕೆಯ ಹಾಗೇ ಕಾಣುತ್ತದೆ.

ಕಿಟಕಿಯ ಮಾತು. ರೋಜರ್ ಉಲ್‌ರಿಕ್ ಅನ್ನುವವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ 1972ರಿಂದ 1981ರವರೆಗಿನ ಕಾಗದ ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದ 46 ಜನ. 23 ಜನರ ಕಿಟಕಿಯಿಂದ ಗಿಡ ಕಾಣುತ್ತಿದ್ದವು, 23 ಜನರ ಕಿಟಕಿಯಿಂದ ಇಟ್ಟಂಗಿ ಗೋಡೆ. ಗಿಡ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ನೋವಿನ ಜೋರು ಔಷಧವೂ ಗಿಡ ಕಂಡವರಿಗೆ ಕಡಿಮೆ ಬೇಕಾಯಿತು. 1984ರಲ್ಲಿ ಇದು ಅಚ್ಚಾದ ಮೇಲೆ ಜಗತ್ತಿನ ಆಸ್ಪತ್ರೆ ಕಟ್ಟುವವರೆಲ್ಲ ಕಿಟಕಿಯ ಕಡೆ ಹೊಳ್ಳಿ ನೋಡಿದರು. ಅದು ಹೊಟ್ಟೆಯ ಆಪರೇಷನ್ನು, ಮನಸ್ಸಿನ ಬ್ಯಾನಿ ಅಲ್ಲ. ಆದರೂ ಇಷ್ಟು ತಿಳಿಯಲು ನಮ್ಮ ಹಿರಿಯರಿಗೆ ಕಾಗದ ಬೇಕಾಗಿರಲಿಲ್ಲ. ನಮ್ಮ ಹಳೆಯ ಮಣ್ಣಿನ ಮನೆಗಳಲ್ಲಿ ಮಾಳಿಗೆಗೆ ಬೆಳಕಿಂಡಿ ಬಿಡುತ್ತಿದ್ದರು. ಬಾಣಂತಿ ಕತ್ತಲೆ ಕೋಣೆಯಲ್ಲಿ ಮಲಗಿದ್ದರೂ ಬಿಸಿಲಿನ ಕೋಲು ನೆಲದ ಮೇಲೆ ಸರಿಯುವುದನ್ನು ನೋಡಿ ಹೊತ್ತು ಹೇಳುತ್ತಿದ್ದಳು.

ಇನ್ನೊಂದು. ಮಲಗಿದವರ ಕಣ್ಣಿಗೆ ಏನು ಕಾಣುತ್ತದೆ ಅಂತ ಯೋಚಿಸಿ ಬಣ್ಣ ಹಾಕಿದವರು ನಮ್ಮ ತಾಲೂಕಿನಲ್ಲೇ ಇದ್ದಾರೆ. ಕಲಘಟಗಿಯ ತೊಟ್ಟಿಲು ಮಾಡುವ ಚಿತ್ರಗಾರರು. ಬಾಳಂತನದ ಬುತ್ತಿಯ ಜೊತೆ ಆ ತೊಟ್ಟಿಲು ಹೋಗದ ಊರಿಲ್ಲ. ಹುಡುಗಿಗೆ ಇದನ್ನು ಹೇಳಿದರೆ ತಕ್ಷಣ "ಹಂಗಾರ ವಾರ್ಡಿನ ಸೀಲಿಂಗಿಗೆ ತೊಟ್ಟಿಲ ಚಿತ್ರ ಬಿಡಸೂಣೇನ್ರಿ?" ಅಂದಳು. ಬೇಡ ಅಂದೆವು. ಧ್ವನಿ ಕೇಳುವವನ ತಲೆಯ ಮೇಲೆ ಕಣ್ಣು ಬಿಡುವ ದೇವರ ಚಿತ್ರ ಇಟ್ಟರೆ ಏನಾಗುತ್ತದೋ! ಡಾಕ್ಟರರನ್ನು ಕೇಳದೆ ಅಂಥದ್ದು ಮಾಡಬಾರದು.

ಕುರ್ಚಿಯ ಕತೆ ನಮಗೆ ಇದಕ್ಕಿಂತ ಹಿಡಿಸಿತು. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್‌ನ ಒಂದು ಆಸ್ಪತ್ರೆಯಲ್ಲಿ ರಾಬರ್ಟ್ ಸಾಮರ್ ಅನ್ನುವ ಮನಶ್ಶಾಸ್ತ್ರಜ್ಞ ವಯಸ್ಸಾದ ಹೆಂಗಸರ ವಾರ್ಡು ನೋಡಿದರು. ಹೊಸ ಬಣ್ಣ, ಹೊಸ ಕುರ್ಚಿ ಎಲ್ಲ ಇದ್ದವು. ಆದರೂ ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕುರ್ಚಿಗಳನ್ನೆಲ್ಲ ಗೋಡೆಗೆ ಹಚ್ಚಿ ಸಾಲಾಗಿ ಇಟ್ಟಿದ್ದರು, ನಮ್ಮ ಬಸ್‌ಸ್ಟ್ಯಾಂಡಿನ ಹಾಗೆ. ಅವರು ಸಣ್ಣ ಟೇಬಲ್ ತರಿಸಿ ಅದರ ಸುತ್ತ ಕುರ್ಚಿ ಹಾಕಿಸಿದರು. ಕೆಲವು ವಾರದಲ್ಲಿ ಹೆಂಗಸರ ಮಾತು ಸುಮಾರು ಎರಡು ಪಟ್ಟಾಯಿತು. ಔಷಧ ಬದಲಿಸಿದ್ದಲ್ಲ, ಕುರ್ಚಿ ತಿರುಗಿಸಿದ್ದು. ನಮ್ಮೂರಲ್ಲಿ ಆಲದ ಗಿಡಕ್ಕೆ ದುಂಡಗೆ ಕಟ್ಟೆ ಕಟ್ಟಿದವನಿಗೆ ಇದು ಯಾರೂ ಹೇಳಿಕೊಟ್ಟದ್ದಲ್ಲ.

ಇಷ್ಟೆಲ್ಲ ಹೊರದೇಶದ ಮಾತು ಆದ ಮೇಲೂ ಅವ್ವನ ಚಾಪೆಯ ಪ್ರಶ್ನೆ ಹಾಗೇ ಉಳಿದಿತ್ತು. ಅಲ್ಲಿನ ಪುಸ್ತಕಗಳಲ್ಲಿ ಒಂಟಿ ಕೋಣೆ ದೊಡ್ಡ ಮರ್ಯಾದೆ. ಒಬ್ಬರಿಗೆ ಒಂದು ಕೋಣೆ, ಒಂದು ಶೌಚಾಲಯ. ಅವರಿಗೆ ಅದು ಸರಿ. ನಮ್ಮ ಮಂದಿಗೆ ಒಂಟಿ ಕೋಣೆ ಅಂದರೆ ಶಿಕ್ಷೆ. ಹೆರಿಗೆಯಲ್ಲಿ, ಜ್ವರದಲ್ಲಿ, ಸಾವಿನಲ್ಲಿ ಕೂಡ ಒಬ್ಬರೇ ಇದ್ದು ಅಭ್ಯಾಸವಿಲ್ಲದವರನ್ನು ಮನಸ್ಸು ಹರಿದ ಹೊತ್ತಿನಲ್ಲಿ ಒಬ್ಬರೇ ಮಲಗಿಸಿದರೆ ಅದನ್ನು 'ಪ್ರೈವಸಿ' ಅಂತ ಅವರು ತಿಳಿಯುವುದಿಲ್ಲ.

ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಒಬ್ಬರು ಕಂಡಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಇದ್ದರು. ಪೇಶಂಟು ಬಹಳ, ಜಾಗ ಕಡಿಮೆ. ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರು ಪೇಶಂಟಿನ ಜೊತೆ ಅಲ್ಲೇ ಇರಲು ಬಿಟ್ಟರು. ಮನೆಯವರು ರೋಗ ಅಂದರೆ ಏನು ಅಂತ ಕಣ್ಣಾರೆ ಕಂಡರು, ನೋಡಿಕೊಳ್ಳುವುದನ್ನು ಕಲಿತರು, ಪೇಶಂಟುಗಳು ಬೇಗ ಚೇತರಿಸಿಕೊಂಡು ಮನೆಗೆ ಹೋದರು. ಜಾಗ ಇಲ್ಲದ್ದಕ್ಕೆ ಹಾಕಿದ ಡೇರೆಯೇ ದೊಡ್ಡ ಪಾಠವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರೂ ಜೊತೆಗಿರುವ ಫ್ಯಾಮಿಲಿ ವಾರ್ಡು ನಡೆಯುವುದು ಇದೇ ದಾರಿಯಲ್ಲಿ. ಮೊದಲು ಹೇಳಿದ ಲಾರಿ ಬೇಕರ್ ಕೂಡ ನೆನಪಾಗುತ್ತಾರೆ. ಅವರು 1945ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದದ್ದು ಕುಷ್ಠರೋಗಿಗಳ ಹಳೆಯ ಆಶ್ರಯಗಳನ್ನು ನೆಟ್ಟಗಿನ ಆಸ್ಪತ್ರೆಗಳಾಗಿ ಮಾಡುವ ಕೆಲಸಕ್ಕೆ. ಊರಿನವರು ಕಟ್ಟುವುದನ್ನು ನೋಡಿ ನೋಡಿ ಕಟ್ಟಡ ಕಲಿತೆ ಅಂತ ಹೇಳುತ್ತಿದ್ದ ಮನುಷ್ಯ.

ಡೇರೆಯ ಸಂಗತಿ ಹೇಳಿದ ಮೇಲೆ ಹುಡುಗಿ ಮತ್ತೆ ಆ ಮನೆಗೆ ಹೋದಳು. ಈ ಸಲ ನಮ್ಮನ್ನು ಕರೆಯಲಿಲ್ಲ, ಅಳತೆಯ ಟೇಪು ಹಿಡಿದು ಒಬ್ಬಳೇ ಹೋದಳು. ಕೋಣೆಯಲ್ಲಿ ಜೊತೆಗಿರುವವರಿಗೆ ಸೋಫಾ-ಕಮ್-ಬೆಡ್ ಇಡುತ್ತೇನೆ ಅಂತ ತಾಯಿಗೆ ತೋರಿಸಿದಳು. ತಾಯಿ ಅಂದದ್ದು: "ಅದರ ಮ್ಯಾಲ ನನಗ ನಿದ್ದಿ ಬರೂದಿಲ್ಲವ್ವಾ. ನೆಲ ಬೇಕು. ನೆಲ ತಂಪಿರಬಾರದು. ಕಾಲ ಚಾಚಿದ್ರ ನರ್ಸಬಾಯಿ ಬೈಬಾರದು." ಎರಡನೆಯ ಮಾತು, "ರೊಟ್ಟಿ ಗಂಟು ಇಡಾಕ ಇರವಿ ಹತ್ತಲಾರದ ಜಾಗ ಬೇಕು." ಮೂರನೆಯದಕ್ಕೆ ಸ್ವಲ್ಪ ತಡೆದು, "ಅಂವ ಸಿಟ್ಟಿಗೆದ್ದಾಗ ನನಗೂ ಹೊರಗ ಬರಾಕ ದಾರಿ ಇರಬೇಕು" ಅಂದಳಂತೆ. ಇದನ್ನು ಹುಡುಗಿ ನಮಗೆ ಹೇಳುವಾಗ ಧ್ವನಿ ಇಳಿಸಿದಳು. ತಾಯಿಗೂ ಹೆದರಿಕೆ ಇರುತ್ತದೆ ಅಂತ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಅವಳು ಮಾಡಿದ್ದು ಹೀಗೆ. ಕಿಟಕಿಯ ಗೋಡೆಗೆ ಹಚ್ಚಿ ಒಂದು ಕಟ್ಟೆ. ಉದ್ದ ಆರೂವರೆ ಫೂಟು, ಅಗಲ ಮೂರು, ಎತ್ತರ ಒಂದು ಫೂಟು. ಇಟ್ಟಂಗಿಯಲ್ಲಿ ಕಟ್ಟಿ ಮೇಲೆ ಹಲಗೆ. ಮಂಚದ ಹಾಗೆ ಎತ್ತರ ಇಲ್ಲ, ಫರಸಿಯ ಹಾಗೆ ತಂಪು ಇಲ್ಲ. ಗೋಡೆಗೆ ಕೂಡಿಕೊಂಡೇ ಇರುವುದರಿಂದ ಎತ್ತಿ ಒಗೆಯಲು ಬರುವುದಿಲ್ಲ, ಬಿಚ್ಚಲು ಏನೂ ಇಲ್ಲ. ಸುರಕ್ಷತೆಯ ಲೆಕ್ಕಕ್ಕೂ ಸರಿ ಬಂತು. ಹಗಲು ಅದರ ಮೇಲೆ ಇಬ್ಬರೂ ಕೂತು ಹೊರಗೆ ನೋಡಬಹುದು. ತಲೆಯ ಕಡೆ ಗೋಡೆಯಲ್ಲಿ ಒಂದು ಗೂಡು, ಅದಕ್ಕೆ ಇರುವೆ ಹೋಗದ ಸಣ್ಣ ಜಾಳಿಗೆಯ ಕದ. ಕಟ್ಟೆಯ ಕಾಲ ಕಡೆಗೆ ಬಾಗಿಲು, ಪೇಶಂಟಿನ ಮಂಚ ದಾಟದೆ ಹೊರಗೆ ಹೋಗಬಹುದು. ಲೈಟಿನ ಬಟನ್ ಒಳಗೆ ಬಂತು. ನರ್ಸಿಗೆ ರಾತ್ರಿ ನೋಡಬೇಕಾದರೆ ನೆಲದ ಹತ್ತಿರ ಮಂದ ದೀಪ, ಅದರ ಬಟನ್ ಹೊರಗೆ. ಗೋಡೆಗೆ ದೊಡ್ಡ ಅಂಕಿಯ ಗಡಿಯಾರ, ಕ್ಯಾಲೆಂಡರು.

ಖರ್ಚಿನ ಲೆಕ್ಕ ಹಾಕಿದಾಗ ಸೋಫಾಕ್ಕಿಂತ ಕಟ್ಟೆ ಅಗ್ಗ ಬಂತು ಅಂತ ಅವಳಿಗೇ ನಗು. ನಮ್ಮೂರ ಗೌಂಡಿ ಅದನ್ನು ಒಂದು ದಿನದಲ್ಲಿ ಕಟ್ಟುತ್ತೇನೆ ಅಂದಿದ್ದಾನೆ.

ಕೋಣೆ ಚೆನ್ನಾಗಿದ್ದರೆ ಬ್ಯಾನಿ ವಾಸಿಯಾಗುತ್ತದೆ ಅಂತ ನಾವು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಸಿಗುವುದಿಲ್ಲ. ಕಟ್ಟೆ ಕಟ್ಟಿದರೆ ಡಾಕ್ಟರು ಹುಟ್ಟುವುದಿಲ್ಲ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ಶೇಕಡಾ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ಎಲ್ಲರೂ ಆಸ್ಪತ್ರೆಗೆ ಸೇರಬೇಕಾದವರೂ ಅಲ್ಲ. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಗುಳಿಗೆ ಕೊಡಬಹುದು ಅಂತ ತೋರಿಸಿದರು. ಮುಂದೆ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ರಾಜ್ಯದಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮ ಇದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಹೇಳುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ತಡೆಯದಾದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ದಿನದ 24 ತಾಸು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆದರೂ ಕೆಲವರು ಸೇರಲೇಬೇಕಾಗುತ್ತದೆ. ಅವರು ಸೇರಲು ಒಪ್ಪುವುದೋ ಬಿಡುವುದೋ ಹಲವು ಸಲ ಕೋಣೆಯ ಮೇಲೆ ನಿಂತಿರುತ್ತದೆ. ಸ್ಟ್ರಿಂಗರ್ ಕೆಲಸದಲ್ಲಿ ಒಂದು ಸುದ್ದಿಗೆ ಇಷ್ಟು ಅಂತ ದುಡ್ಡು ಬರುತ್ತದೆ. 'ಮಾನಸಿಕ ಅಸ್ವಸ್ಥ' ಅನ್ನುವ ಶಬ್ದ ಬಂದ ಸುದ್ದಿಗಳನ್ನು ಪತ್ರಿಕೆಗಳು ತೆಗೆದುಕೊಳ್ಳುವುದು ಬಾವಿ, ರೈಲು, ಕೊಡಲಿ ಇದ್ದಾಗ ಮಾತ್ರ. ಮೂರು ಫೂಟು ಅಗಲದ ಕಟ್ಟೆಯ ಸುದ್ದಿಗೆ ಯಾವ ಡೆಸ್ಕಿನಲ್ಲೂ ಜಾಗ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಕಾಲೇಜಿನವರು ಹುಡುಗಿಯ ಶೀಟಿಗೆ ಏನು ಹೇಳುತ್ತಾರೋ. ಮೊದಲ ಸುತ್ತಿನಲ್ಲಿ ಒಬ್ಬ ಸರ್ "ಇದು ಧರ್ಮಶಾಲೆ ಆತಲ್ಲಾ, ಮಾಡರ್ನ್ ಎಲ್ಲೈತಿ?" ಅಂದರಂತೆ. ಇನ್ನೊಬ್ಬ ಮೇಡಂ ಕಟ್ಟೆಯ ಅಳತೆ ಬರೆದುಕೊಂಡರಂತೆ. ಕೊನೆಯ ಸುತ್ತು ಮುಂದಿನ ವಾರ. ಪುಸ್ತಕ ಹಿಡಿದ ತಂಪು ದೇಶದ ಮನುಷ್ಯನನ್ನು ಅವಳು ತೆಗೆದು ಹಾಕಿದ್ದಾಳೆ. ಆ ಜಾಗದಲ್ಲಿ ಕೈಯಿಂದಲೇ ಬಿಡಿಸಿದ ಎರಡು ಆಕೃತಿ, ಒಂದು ಕಟ್ಟೆಯ ಮೇಲೆ ಸೆರಗು ಹೊದ್ದು ಕೂತದ್ದು.

ಮೊನ್ನೆ ಅವಳು ಹೊಸ ನಕ್ಷೆಯನ್ನು ಫೋನಿನಲ್ಲಿ ಕಳಿಸಿದ್ದಳು, ನಾವು ಒಯ್ದು ಆ ಮನೆಯಲ್ಲಿ ತೋರಿಸಿದೆವು. ಮಗ ಎರಡು ಬೆರಳಿನಿಂದ ದೊಡ್ಡದು ಮಾಡಿ, ಸರಿಸಿ ಸರಿಸಿ ನೋಡಿದ. ಬಟನ್ ಕಂಡ. ಗಡಿಯಾರ ಕಂಡ. ಕಟ್ಟೆಯನ್ನು ಅವ್ವನಿಗೆ ತೋರಿಸಿದ. ಆಮೇಲೆ, "ಧಾರವಾಡದಾಗ ಹಿಂಗ ಐತೇನಣ್ಣಾ?" ಅಂತ ಕೇಳಿದ.

ಇದು ಇನ್ನೂ ಕಾಗದದ ಮೇಲಿನದು ಅಂತ ಹೇಳಿದೆವು. ಹೋಗಿ ಮೊದಲು ಹೊರಗಿನಿಂದ ಓಪಿಡಿಯಲ್ಲಿ ತೋರಿಸೋಣ, ಗುಳಿಗೆ ತಗೊಂಡು ಅವತ್ತೇ ಬರೋಣ, ಸೇರಬೇಕು ಅಂದರೆ ಅವ್ವ ಜೊತೆಗಿರಬಹುದಾ ಅಂತ ನೀನೇ ಕೇಳು, ಕೇಳುವುದು ನಿನ್ನ ಹಕ್ಕು ಅಂದೆವು. ಅವನು ಫೋನು ವಾಪಸ್ ಕೊಟ್ಟು, "ಕಿಟಕಿ ತಗಿಯಾಕ ಬರತೈತೋ ಇಲ್ಲೋ ಅದನ್ನೂ ಕೇಳತೇನಿ" ಅಂದ. ತಾಯಿ ಆಗಲೇ ಸೋಮವಾರದ ಮೊದಲ ಬಸ್ಸು ಎಷ್ಟಕ್ಕೆ ಅಂತ ಪಕ್ಕದ ಮನೆಯವರನ್ನು ಕೂಗಿ ಕೇಳುತ್ತಿದ್ದಳು.